ಅಂಚು ಕತ್ತರಿಸಿದ ನಕ್ಷೆ

ಮೇಜು ಬಂದ ದಿನ ನಾನು ಮೊದಲು ಮಾಡಿದ್ದು, ಸುತ್ತಮುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, ಫ್ರಾನ್ಸಿನ ಒಂದು ಹಳ್ಳಿಯ ಮೇಲೆ ಅಂಗೈ ಊರಿದ್ದು. ಬಿಳಿ ಪ್ಲಾಸ್ಟರಿನಲ್ಲಿ ಎರಕ ಹೊಯ್ದ ನೆಲ ಅದು. ಗುಡ್ಡ, ತಗ್ಗು, ರೈಲು ದಾರಿಯ ದಿಬ್ಬ, ಎಲ್ಲವೂ ಬರೀ ಬಿಳಿ. ಮೇಲೆ ಚಾವಣಿಗೆ ಕಟ್ಟಿದ ಪ್ರೊಜೆಕ್ಟರಿನಿಂದ ಬೆಳಕು ಬಿದ್ದಾಗ ಮಾತ್ರ ಅದಕ್ಕೆ ಹೊಲದ ಬಣ್ಣ, ರಸ್ತೆ, ಟ್ರೆಂಚುಗಳ ಗೆರೆ ಬರುತ್ತದೆ. ಆ ಬೆಳಕಿನಲ್ಲಿ ಯಾವ ಗೆರೆ ಎಲ್ಲಿ ಬೀಳಬೇಕು ಅಂತ ಮಾಡಿಕೊಡುವುದು ನನ್ನ ಕೆಲಸ. ನಾನು ನಕ್ಷೆಯವಳು. ಹಳೇ ನಕ್ಷೆಯನ್ನು ತಂದು ಈಗಿನ ನೆಲದ ಮೇಲೆ ಒಂದಿಷ್ಟೂ ಜಾರದ ಹಾಗೆ ಕೂರಿಸುವುದೇ ಹೊಟ್ಟೆಪಾಡು.

ಲಂಡನ್ನಿನ ದಕ್ಷಿಣದ ಒಂದು ಊರಿನ ಕೌನ್ಸಿಲ್ ನಡೆಸುವ ಸಣ್ಣ ಮ್ಯೂಸಿಯಂ. ಆ ಊರಿನ ಹುಡುಗರೇ ಹೆಚ್ಚಿದ್ದ ಒಂದು ಬೆಟಾಲಿಯನ್ 1918ರ ಆಗಸ್ಟಿನ ಒಂದು ಬೆಳಿಗ್ಗೆ ಮಂಜಿನಲ್ಲಿ ಎದ್ದು ನಡೆದದ್ದನ್ನು ಮೇಜಿನ ಮೇಲೆ ಬೆಳಕಿನಲ್ಲಿ ತೋರಿಸಬೇಕಿತ್ತು. ನನಗೆ ಕೊಟ್ಟ ಕೋಣೆ ಕಟ್ಟಡದ ಹಿಂಬದಿಯಲ್ಲಿತ್ತು. ಬೆಳಕು ಬರಬಾರದು ಅಂತ ಕಿಟಕಿಗೆ ಕಪ್ಪು ಬಟ್ಟೆ ಹೊಡೆದಿದ್ದರು. ಬೆಳಿಗ್ಗೆ ಕ್ವೀನ್ಸ್‌ಬರಿಯ ನನ್ನ ಬಾಡಿಗೆ ರೂಮಿನಿಂದ ಹೊರಟು ಜುಬಿಲಿ ಲೈನ್ ಹಿಡಿದು, ಲಂಡನ್ ಬ್ರಿಡ್ಜಿನಲ್ಲಿ ರೈಲು ಬದಲಿಸಿ ಅಲ್ಲಿಗೆ ಹೋಗಿ ಕತ್ತಲಲ್ಲಿ ಕೂರುವುದು, ಸಂಜೆ ಅದೇ ದಾರಿಯಲ್ಲಿ ವಾಪಸು. ಮ್ಯೂಸಿಯಂ ನೋಡಿಕೊಳ್ಳುವ ಕ್ಯುರೇಟರ್ ಒಳ್ಳೆಯ ಹೆಂಗಸೇ. ಬೆಳಿಗ್ಗೆ ಬಾಗಿಲಲ್ಲಿ ತಲೆ ಹಾಕಿ ಆಲ್ ರೈಟ್ ಅಂತ ಕೇಳುತ್ತಿದ್ದಳು, ನಾನು ಆಲ್ ರೈಟ್ ಅನ್ನುತ್ತಿದ್ದೆ, ಅಲ್ಲಿಗೆ ನಮ್ಮ ಮಾತು ಮುಗಿಯುತ್ತಿತ್ತು. ಕೆಲವು ದಿನ ಸಂಜೆ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪಿನ ಬೆಲೆ ಕೇಳುವಾಗ, ಅಯ್ಯೋ ಇವತ್ತಿಡೀ ನಾನು ಬಾಯಿಬಿಟ್ಟದ್ದು ಇದೇ ಮೊದಲಲ್ಲವಾ ಅನಿಸುತ್ತಿತ್ತು. ಅಂಥ ದಿನ ಬೇಡದಿದ್ದರೂ ಎರಡು ಕಟ್ಟು ತೆಗೆದುಕೊಳ್ಳುತ್ತಿದ್ದೆ.

ಕೆಲಸ ಏನು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ತಿಳಿಯುವುದಿಲ್ಲ.

ಮೊದಲ ಮಹಾಯುದ್ಧದ ನಾಲ್ಕು ವರ್ಷ ಬ್ರಿಟಿಷರು, ಜರ್ಮನರು ಎರಡೂ ಕಡೆಯವರು ಟ್ರೆಂಚು, ಅಂದರೆ ಕಂದಕ, ತೋಡಿಕೊಂಡು ಎದುರುಬದುರು ಕೂತಿದ್ದರು. ಮುಂಚೆಲ್ಲ ಅಟ್ಯಾಕ್ ಅಂದರೆ ಒಂದು ವಾರ ಮೊದಲೇ ಶೆಲ್ ಹೊಡೆಯಲು ಶುರು. ನಾವು ಬರುತ್ತಿದ್ದೇವೆ ಅಂತ ಡಂಗುರ ಸಾರಿದ ಹಾಗೆ. ಎದುರಿನವರು ತಯಾರಾಗಿ ಕಾಯುತ್ತಿದ್ದರು, ಹೋದವರು ಹೋದಲ್ಲೇ ಬೀಳುತ್ತಿದ್ದರು. ಕೊನೆಯ ವರ್ಷ ಆ ಕ್ರಮ ಬಿಟ್ಟರು. ತೋಪುಗಳನ್ನು ಸದ್ದಿಲ್ಲದೆ ತಂದು ನಿಲ್ಲಿಸಿ, ಒಂದೇ ಒಂದು ಗುಂಡನ್ನೂ ಗುರಿ ನೋಡಲಿಕ್ಕೆ ಹೊಡೆಯದೆ, ಬರೀ ಲೆಕ್ಕದ ಮೇಲೆ ದೂರ ಗೊತ್ತುಮಾಡಿಕೊಂಡು, ಗೊತ್ತಾದ ಗಳಿಗೆಗೆ ಎಲ್ಲವನ್ನೂ ಒಟ್ಟಿಗೆ ಹಾರಿಸುವುದು. ಆ ಶೆಲ್ಲುಗಳು ಎದುರಿಗೆ ಒಂದು ಪರದೆಯ ಹಾಗೆ ಬೀಳಬೇಕು. ಒಂದೆರಡು ನಿಮಿಷ ಕಳೆದ ಮೇಲೆ ಪರದೆ ನೂರು ಗಜ ಮುಂದೆ ಜಿಗಿಯುತ್ತದೆ, ಹಿಂದಿನಿಂದ ಸೈನಿಕರು ನಡೆಯುತ್ತಾರೆ. ಮತ್ತೆ ಜಿಗಿಯುತ್ತದೆ, ಮತ್ತೆ ನಡೆಯುತ್ತಾರೆ. ಜೊತೆಗೆ ಟ್ಯಾಂಕುಗಳು. ಬೇಗ ನಡೆದರೆ ತಮ್ಮದೇ ಶೆಲ್ಲಿಗೆ ಸಿಕ್ಕರು, ನಿಧಾನ ಮಾಡಿದರೆ ಎದುರಿನವರು ತಲೆ ಎತ್ತಿದರು.

ಈ ಪರದೆಗೆ ಅಂತಲೇ ಬೇರೆ ನಕ್ಷೆ ಇರುತ್ತಿತ್ತು. ಗೆರೆಯ ಹಿಂದೆ ಗೆರೆ, ಪ್ರತಿ ಗೆರೆಯ ತುದಿಯಲ್ಲಿ ನಿಮಿಷ ಬರೆದಿರುತ್ತದೆ. ಅದನ್ನೂ ಟ್ರೆಂಚಿನ ನಕ್ಷೆಯನ್ನೂ ಒಂದರ ಮೇಲೊಂದು ಕೂರಿಸಿ, ಗೆರೆಗಳನ್ನು ಬೆಳಕಾಗಿ ಮಾಡಿ ಓಡಿಸಬೇಕು. ಓಡಿಸುವ ಪ್ರೋಗ್ರಾಮ್ ಬರೆದುಕೊಡುತ್ತಿದ್ದವನು ಕ್ಯಾನರಿ ವಾರ್ಫಿನ ಒಂದು ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಬೆಂಗಳೂರಿನವನು. ಇಂಥ ಕೆಲಸದ ಮೇಲೆ ಆಸೆ, ಹಾಗಾಗಿ ಊಟದ ಬಿಡುವಿನಲ್ಲಿ ಮಾಡಿಕೊಡುತ್ತಿದ್ದ. ಅವನನ್ನು ನಾನು ಮುಖತಃ ನೋಡಿದ್ದೇ ಇಲ್ಲ, ಎಲ್ಲ ಫೋನಿನಲ್ಲೇ.

ಕನ್ನಡದಲ್ಲಿ ಮಾತಾಡಲಿಕ್ಕೆ ಸಿಕ್ಕ ಇನ್ನೊಬ್ಬರು ಬಾಯಮ್ಮ.

ಕೆಲಸ ಶುರುವಾಗುವ ಮೊದಲೇ ಕ್ಯುರೇಟರ್ ನನಗೆ ಒಂದು ದೊಡ್ಡ ಫ್ರೇಮ್ ಹಾಕಿದ ನಕ್ಷೆ ತೋರಿಸಿ, ಇದನ್ನೇ ಆಧಾರ ಮಾಡಿಕೊಳ್ಳಿ, ಇದು ಮೇಜಿನ ಎದುರಿನ ಗೋಡೆಗೆ ಬರುತ್ತದೆ ಅಂದಿದ್ದಳು. ಆ ಕಾಲದ ಎರಡು ಹಾಳೆ, ಒಂದು ಉತ್ತರದ್ದು, ಒಂದು ದಕ್ಷಿಣದ್ದು. ಅಂಚು ಕತ್ತರಿಸಿ, ಬಟ್ಟೆಯ ಮೇಲೆ ಎಷ್ಟು ಚಂದ ಅಂಟಿಸಿದ್ದರು ಅಂದರೆ ಕೂಡಿದ ಗೆರೆ ಹುಡುಕಬೇಕು. ದಕ್ಷಿಣದ ಹಾಳೆಯಲ್ಲಿ, ಕೂಡುವ ಗೆರೆಯ ಸ್ವಲ್ಪ ಕೆಳಗೆ, ಕೆಂಪು ಟ್ರೆಂಚಿನ ಮೇಲೆ ಪೆನ್ಸಿಲಿನ ಒಂದು ಚುಕ್ಕೆ.

ಆ ನಕ್ಷೆ ಕೊಟ್ಟವರು ಒಂದು ಗುರುವಾರ ನೋಡಲಿಕ್ಕೆ ಬಂದರು. ನಾನು ಇಂಗ್ಲಿಷಿನವರು ಅಂದುಕೊಂಡಿದ್ದೆ, ಸರ್‌ನೇಮ್ ಹಾಗಿತ್ತು. ಬಂದವರು ಎಂಬತ್ತರ ಒಬ್ಬ ಸಪೂರ ಹೆಂಗಸು, ಮಂಡಿಯವರೆಗೆ ಕೋಟು, ಕತ್ತಿನಲ್ಲಿ ಸಣ್ಣ ಶಿಲುಬೆ. ನನ್ನ ಹೆಸರು ಕೇಳಿದ್ದೇ, "ನೀನು ಎಲ್ಲಿಯವಳು ಮಾರಾಯ್ತಿ?" ಅಂದರು.

ಉಡುಪಿ ಹತ್ತಿರದವಳು ಅಂದೆ.

"ನಾವು ಕಲ್ಯಾಣಪುರದವರು. ಕೊಂಕಣಿ ಬರ್ತದಾ? ಇಲ್ವಾ? ಹೋಗ್ಲಿ, ಕನ್ನಡವೇ ಸಾಕು. ಮಾತಾಡ್ಲಿಕ್ಕೆ ಒಂದು ಜನ ಸಿಕ್ಕಿತಲ್ಲ."

ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯ ಹೆಂಗಸರನ್ನು ಬಾಯಮ್ಮ ಅಂತ ಕರೆಯುವುದು. ಬಾಯಲ್ಲಿ ತಾನಾಗಿ ಬಂತು. ಅವರು ಕೋಟಿನ ಗುಂಡಿ ಬಿಚ್ಚುತ್ತಾ ಒಂದು ಗಳಿಗೆ ನಿಂತು, "ಹೀಗೆ ಕರೆಯದೆ ಎಷ್ಟು ವರ್ಷ ಆಯಿತು" ಅಂದರು.

ಆಮೇಲೆ ಪ್ರತಿ ಗುರುವಾರ ಸಟನ್ನಿನಿಂದ ಬಸ್ಸು ಹಿಡಿದು ಬರುತ್ತಿದ್ದರು. ಡಬ್ಬಿಯಲ್ಲಿ ಬನ್ಸ್, ಫ್ಲಾಸ್ಕಿನಲ್ಲಿ ಕಾಫಿ. ನರ್ಸ್ ಆಗಿ ಬಂದವರು, ಇಲ್ಲಿನ ರೈಲ್ವೆಯಲ್ಲಿದ್ದ ಒಬ್ಬ ಇಂಗ್ಲಿಷಿನವನನ್ನು ಮದುವೆಯಾದವರು. ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬರೇ. ಪೆನ್ಸಿಲಿನ ಚುಕ್ಕೆ ಗಂಡನ ದೊಡ್ಡಪ್ಪ ಬಿದ್ದ ಜಾಗದ್ದು. ಹತ್ತೊಂಬತ್ತು ವರ್ಷಕ್ಕೆ ಆ ಬೆಳಿಗ್ಗೆ ಸತ್ತ ಹುಡುಗ. ಬಾಯಮ್ಮ ಅವನನ್ನು ದೊಡ್ಡ ಮಾವ ಅನ್ನುತ್ತಿದ್ದರು. ಎಂಬತ್ತರ ಹೆಂಗಸಿನ ಬಾಯಲ್ಲಿ ಹತ್ತೊಂಬತ್ತರ ಹುಡುಗ ದೊಡ್ಡ ಮಾವ. ಮೊದಲ ಸಲ ನನಗೆ ನಗು ಬಂತು, ಅವರೂ ನಕ್ಕರು.

"ನಗಬೇಡ, ಕೇಳು," ಅಂದರು. "ಮದುವೆಯಾಗಿ ಆ ಮನೆಗೆ ಮೊದಲ ಸಲ ಹೋದಾಗ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ. ಅತ್ತೆ ತಟ್ಟೆ ಇಟ್ಟರು, ಅಷ್ಟೇ. ಕರೀ ಹುಡುಗಿ ಬಂದಳು ಅಂತ ಅವರಿಗೆ. ಊಟ ಆದ ಮೇಲೆ ಮಾವ ಎದ್ದು ನನ್ನನ್ನು ಹಾಲಿಗೆ ಕರೆದುಕೊಂಡು ಹೋದರು. ಗೋಡೆಯಲ್ಲಿ ಯೂನಿಫಾರ್ಮ್ ಹಾಕಿದ ಹುಡುಗನ ಫೋಟೋ. ಇವ ನನ್ನ ಅಣ್ಣ, ಜರ್ಮನರ ಟ್ರೆಂಚಿಗೆ ಎಲ್ಲರಿಗಿಂತ ಮೊದಲು ಹಾರಿದವ ಅಂತ ಇಡೀ ಕಥೆ ಹೇಳಿದರು. ಕಥೆ ಮುಗಿಸಿ ನನ್ನ ಹೆಸರು ಹಿಡಿದು ಕರೆದರು. ಆವತ್ತಿನಿಂದ ನಾನು ಆ ಮನೆಯವಳು."

"ಮತ್ತೆ ಈ ಚುಕ್ಕೆ?"

"ಅದು ನಮ್ಮವರು ಇಟ್ಟದ್ದು. ರಿಟೈರ್ ಆದ ಮೇಲೆ ಅದೇ ಕೆಲಸ. ಯುದ್ಧ ಮುಗಿದ ಮೇಲೆ ಹೊಲದಲ್ಲಿ ಹೂತವರನ್ನೆಲ್ಲ ತೆಗೆದು ಒಂದೇ ಕಡೆ ಮಣ್ಣು ಮಾಡಿದರಲ್ಲ, ಆಗ ಯಾರು ಯಾವ ಚೌಕದಲ್ಲಿ ಸಿಕ್ಕಿದರು ಅಂತ ಬರೆದಿಟ್ಟಿದ್ದರಂತೆ. ಅದನ್ನು ಹುಡುಕಿ ತಂದು ನಕ್ಷೆಯಲ್ಲಿ ನೋಡಿದರೆ, ಸರೀ ಜರ್ಮನರ ಟ್ರೆಂಚಿನ ಮೇಲೆ. ಆ ದಿವಸ ನಮ್ಮವರು ಅತ್ತರು ಗೊತ್ತುಂಟಾ. ಅಪ್ಪ ಹೇಳಿದ್ದು ಸುಳ್ಳಲ್ಲ ಅಂತ."

ಮೇಜಿನ ಮೇಲೆ ಆ ಚುಕ್ಕೆ ಬೆಳಕಾಗಿ ಉರಿಯಬೇಕು, ಉದ್ಘಾಟನೆಯ ದಿನ ಬಾಯಮ್ಮ ನಾಲ್ಕು ಮಾತಾಡಬೇಕು ಅಂತ ಏರ್ಪಾಡಾಗಿತ್ತು. ಅವರು ಹೊಸ ಕೋಟು ತೆಗೆದುಕೊಂಡಿದ್ದರು. "ಆ ಮನೆಯವರು ಯಾರೂ ಈಗ ಇಲ್ಲ. ಹೇಳಲಿಕ್ಕೆ ಉಳಿದದ್ದು ನಾನೊಬ್ಬಳೇ. ನೋಡು ಎಂತ ತಮಾಷೆ," ಅನ್ನುತ್ತಿದ್ದರು. ಆ ಗುರುವಾರಗಳು ನನಗೆ ಎಷ್ಟು ಬೇಕಾಗಿದ್ದವು ಅಂತ ಆಗ ನಾನು ಅವರಿಗೆ ಹೇಳಲಿಲ್ಲ. ಬುಧವಾರ ಸಂಜೆಯೇ ಮನಸ್ಸು ಹಗುರ ಆಗುತ್ತಿತ್ತು.

ಕೆಲಸ ಚೆನ್ನಾಗಿ ನಡೆದಿತ್ತು. ಎರಡೂ ನಕ್ಷೆ ಕೂರಿಸಿದ್ದಾಯಿತು. ಚರ್ಚು, ರೈಲ್ವೆ ಗೇಟು, ನಾಲ್ಕು ರಸ್ತೆ ಕೂಡುವ ಜಾಗ, ಹೀಗೆ ಅಂದೂ ಇಂದೂ ಕದಲದೆ ಇರುವ ಗುರುತುಗಳನ್ನು ಹಿಡಿದು ಮೊಳೆ ಹೊಡೆದ ಹಾಗೆ ಕೂರಿಸುವುದು. ಕೆಂಪು ಟ್ರೆಂಚ್ ಜರ್ಮನರದು, ನೀಲಿ ಬ್ರಿಟಿಷರದು. ಅದುವರೆಗೆ ನಾನು ಕೈಯಾಡಿಸಿದ ಯುದ್ಧದ ನಕ್ಷೆಗಳಲ್ಲೆಲ್ಲ ಹಾಗೇ ಇತ್ತು. ಹಾಗೇ ಬಿಡಿಸಿ, ಬ್ರಿಟಿಷ್ ಹುಡುಗರನ್ನು ನೀಲಿಯಲ್ಲಿ ನಿಲ್ಲಿಸಿ, ಫೈಲು ಕಳಿಸಿದೆ.

ಮರುದಿನ ಮಧ್ಯಾಹ್ನ ಬೆಂಗಳೂರಿನವನ ಫೋನು.

"ಮೇಡಂ, ಮೇಲಿನರ್ಧ ಸೂಪರಾಗಿದೆ. ಕೆಳಗಿನರ್ಧದಲ್ಲಿ ಏನೋ ಎಡವಟ್ಟಾಗಿದೆ ನೋಡಿ. ನಿಮ್ಮ ಹುಡುಗ್ರು ಹೊರಡೋಕೆ ಮುಂಚೆನೇ ಅವರ ತಲೆ ಮೇಲೇನೇ ಶೆಲ್ ಬೀಳ್ತಾ ಇದೆ. ಅವರದೇ ಶೆಲ್ಲು."

ನೋಡಿದೆ. ಹೌದು. ಉತ್ತರದಲ್ಲಿ ಪರದೆ ಹುಡುಗರ ಮುಂದೆ ಬೀಳುತ್ತದೆ, ದಕ್ಷಿಣದಲ್ಲಿ ಹುಡುಗರ ಮೇಲೆಯೇ. ಶೆಲ್ಲಿನ ನಕ್ಷೆ ಜಾರಿದೆ, ಇನ್ನೆಂತದು ಅಂದುಕೊಂಡೆ. ಹಳೇ ಕಾಗದ ಒಂದು ಕಡೆ ಕುಗ್ಗಿರುತ್ತದೆ, ಸ್ಕ್ಯಾನ್ ಮಾಡುವಾಗ ಮಡಿಕೆ ಎದ್ದಿರುತ್ತದೆ, ಇದೆಲ್ಲ ದಿನಾ ಇರುವುದೇ. ಹೊಸ ಗುರುತು ಸೇರಿಸಿ ಮತ್ತೆ ಕೂರಿಸಿದೆ. ದಕ್ಷಿಣ ಸರಿಯಾದರೆ ಉತ್ತರ ಕೆಟ್ಟಿತು. ಉತ್ತರ ಸರಿ ಮಾಡಿದರೆ ದಕ್ಷಿಣ ಮೊದಲಿನ ಹಾಗೆ. ಒಂದು ವಾರಕ್ಕೂ ಮೇಲೆ ಇದೇ ಗುದ್ದಾಟ. ನನ್ನ ಮೇಲೆ ನನಗೇ ಸಿಟ್ಟು. ಒಂದು ಸಂಜೆ ರೈಲಿನಲ್ಲಿ ಎದುರಿಗೆ ಕೂತವ ಆ್ಯಪಲ್ ಕಚ್ಚುವ ಸದ್ದಿಗೇ ಎದ್ದು ಬೇರೆ ಡಬ್ಬಿಗೆ ಹೋದೆ.

ನೀವು ಕೇಳಬಹುದು, ಜರ್ಮನರು ಪೂರ್ವದಲ್ಲಿ, ಬ್ರಿಟಿಷರು ಪಶ್ಚಿಮದಲ್ಲಿ, ಅಷ್ಟೂ ಗೊತ್ತಾಗಲಿಲ್ಲವಾ ಅಂತ. ಆ ಜಾಗದಲ್ಲಿ ಗಡಿ ಮೊಣಕೈಯ ಹಾಗೆ ಬಾಗಿತ್ತು. ಹಿಂದಿನ ವರ್ಷಗಳಲ್ಲಿ ತೋಡಿದ ಟ್ರೆಂಚುಗಳ ಜಾಲದಲ್ಲಿ ಒಂದು ತುಂಡು ಇವರ ಕೈಯಲ್ಲಿ, ಪಕ್ಕದ ತುಂಡು ಅವರ ಕೈಯಲ್ಲಿ. ದಿಕ್ಕು ನೋಡಿ ಹೇಳುವ ಹಾಗಿರಲಿಲ್ಲ, ಬಣ್ಣವನ್ನೇ ನಂಬಬೇಕು.

ಕಡೆಗೆ ಕಂಪ್ಯೂಟರ್ ಮುಚ್ಚಿ, ಫ್ರೇಮಿನ ಎದುರು ಕುರ್ಚಿ ಹಾಕಿಕೊಂಡು ಕೂತೆ. ಒಂದು ಟ್ರೆಂಚಿನ ಮೇಲೆ ಬೆರಳು ಇಟ್ಟು ಉತ್ತರದಿಂದ ಕೆಳಗೆ ಎಳೆಯುತ್ತಾ ಬಂದೆ. ಕೆಂಪು, ಕೆಂಪು, ಹಾಳೆ ಕೂಡಿದ ಗೆರೆ ದಾಟಿದ್ದೇ ನೀಲಿ. ಇದನ್ನು ನಾನು ಮೊದಲೂ ನೋಡಿದ್ದೆ, ಆ ತುಂಡನ್ನು ಬ್ರಿಟಿಷರು ಹಿಡಿದುಕೊಂಡಿರಬೇಕು ಅಂದುಕೊಂಡಿದ್ದೆ. ಪಕ್ಕದ್ದು ನೋಡಿದೆ. ನೀಲಿಯಾಗಿ ಬಂದು ಅದೇ ಗೆರೆಯಲ್ಲಿ ಕೆಂಪಾಗುತ್ತಿತ್ತು. ಮೂರನೆಯದೂ ಹಾಗೆಯೇ. ಗೆರೆ ದಾಟಿದ ಟ್ರೆಂಚುಗಳೆಲ್ಲ ಸರಿಯಾಗಿ ಕಾಗದದ ಅಂಚಿನಲ್ಲೇ ಬಣ್ಣ ಬದಲಿಸುತ್ತಿದ್ದವು. ಯಾವ ಸೈನ್ಯ ಅಚ್ಚಿನವನ ಹಾಳೆ ಮುಗಿಯುವ ಗೆರೆಯವರೆಗೆ ಮಾತ್ರ ಟ್ರೆಂಚ್ ಹಿಡಿಯುತ್ತದೆ?

ಬೆರಳನ್ನು ಪೆನ್ಸಿಲಿನ ಚುಕ್ಕೆಗೆ ತಂದೆ. ಅದೂ ಗೆರೆಯ ಕೆಳಗಿತ್ತು, ಬಣ್ಣ ಬದಲಾದ ಕಡೆಯಲ್ಲಿ.

ನಕ್ಷೆಯ ಯಾವ ಬಣ್ಣ ಯಾರದು ಅಂತ ಅಂಚಿನಲ್ಲಿ ಅಚ್ಚು ಮಾಡಿರುತ್ತಾರೆ. ಇಲ್ಲಿ ಅಂಚೇ ಇಲ್ಲ. ಹಾಳೆಗಳು ಚಂದ ಕೂಡಲಿ ಅಂತ ಬಾಯಮ್ಮನ ಗಂಡ ನಾಲ್ಕೂ ಕಡೆ ಕತ್ತರಿಸಿ ಎಸೆದಿದ್ದರು. ಅದೇ ದಕ್ಷಿಣದ ಹಾಳೆಯ ಇನ್ನೊಂದು ಪ್ರತಿ ಆರ್ಕೈವ್ಸಿನಲ್ಲಿ ಇದೆ ಅಂತ ತಿಳಿದು, ಕಾಯ್ದಿರಿಸಿ, ಹೋಗಿ ನೋಡಿದೆ. ಅಂಚು ಇತ್ತು. ತಮ್ಮ, ಅಂದರೆ ಬ್ರಿಟಿಷರ, ಟ್ರೆಂಚ್ ಕೆಂಪು, ಶತ್ರುಗಳದು ನೀಲಿ ಅಂತ ಅಚ್ಚಾಗಿತ್ತು. ಅಲ್ಲಿದ್ದ ನಕ್ಷೆ ವಿಭಾಗದವನನ್ನು ಕೇಳಿದರೆ ಅವನು ತಲೆ ಕೂಡ ಎತ್ತದೆ, ಹೌದು, 1918ರಲ್ಲಿ ಬಣ್ಣ ಅದಲುಬದಲು ಮಾಡಿದರು, ಫ್ರೆಂಚರ ಕ್ರಮಕ್ಕೆ ಹೊಂದಲಿ ಅಂತ, ಅಂದ. ಉತ್ತರದ ಹಾಳೆ ಅದಕ್ಕಿಂತ ಮುಂಚಿನದು, ದಕ್ಷಿಣದ್ದು ಆಮೇಲಿನದು.

ದಕ್ಷಿಣದ ಹಾಳೆಯ ಬಣ್ಣ ತಿರುಗಿಸಿ ಓಡಿಸಿದಾಗ ಎಲ್ಲವೂ ಎಲ್ಲಿ ಇರಬೇಕೋ ಅಲ್ಲಿ ಕೂತಿತು. ಪರದೆ ಜರ್ಮನರ ಮೇಲೆ ಬಿತ್ತು, ಹುಡುಗರು ಹಿಂದಿನಿಂದ ಎದ್ದು ನಡೆದರು. ಬೇರೆ ಯಾವಾಗಲಾದರೂ ಆಗಿದ್ದರೆ ನಾನು ಖುಷಿಯಲ್ಲಿ ಒಂದು ಚಹಾ ಕುಡಿದು ಬರುತ್ತಿದ್ದೆ. ದೊಡ್ಡ ಮಾವನ ಚುಕ್ಕೆ ಹೊರಡುವ ಗೆರೆಯ ಮೇಲೇ ಉಳಿದುಹೋಗಿತ್ತು. ಹಿಂದಿನ ಸಂಜೆ ಬಿಳಿ ಪಟ್ಟಿ ಹಾಸಿ, ಹುಡುಗರನ್ನು ಸಾಲಾಗಿ ಮಲಗಿಸಿ ಕಾಯಿಸಿದ ಜಾಗ ಅದು. ಅವನು ಜರ್ಮನರ ಟ್ರೆಂಚಿಗೆ ಹಾರಿರಲಿಲ್ಲ. ಹೊರಟಿದ್ದನೋ ಇಲ್ಲವೋ.

ಕ್ಯುರೇಟರಿಗೆ ತೋರಿಸಿದೆ. ಅವಳು ಮೇಜು ನೋಡಿ, ಚುಕ್ಕೆಯ ಬದಲು ಅಲ್ಲಿ ಸ್ವಲ್ಪ ಅಗಲಕ್ಕೆ ಮಂಕು ಬೆಳಕು ಹಾಕಬಹುದಲ್ಲ, ಎರಡೂ ಕಡೆಗೆ ಸೇರುವ ಹಾಗೆ, ಅಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಮುದುಕಿಯ ಮೇಲಿನ ಕರುಣೆ. ಬೆಂಗಳೂರಿನವನೂ ಅದನ್ನೇ ಅವನ ಭಾಷೆಯಲ್ಲಿ ಹೇಳಿದ.

"ಬಿಡಿ ಮೇಡಂ, ಟೇಬಲ್ ಮೇಲೆ ಅದೆಷ್ಟು, ಒಂದು ಬೆರಳಗಲ. ಈ ಕಡೆಯಿಂದ ಆ ಕಡೆಗೆ ತಳ್ಳಿದ್ರೆ ಯಾವನಿಗೆ ಗೊತ್ತಾಗುತ್ತೆ? ಪಾಪ, ಅಜ್ಜಿ ಖುಷಿಯಾಗಿರ್ಲಿ."

"ನನಗೆ ಗೊತ್ತಾಗ್ತದಲ್ಲ."

"ಅಯ್ಯೋ, ನೀವೊಬ್ಬರು. ಹೋಗ್ಲಿ, ಅವರಿಗೆ ಹೇಳೋರು ಯಾರು?"

ತಳ್ಳಿಬಿಡೋಣ ಅಂತ ನನಗೂ ಅನಿಸಿತ್ತು, ಇಲ್ಲ ಅನ್ನುವುದಿಲ್ಲ. ಒಂದು ಬೆರಳಗಲಕ್ಕೆ ನನ್ನ ಗುರುವಾರಗಳನ್ನು ಯಾಕೆ ಕಳೆದುಕೊಳ್ಳಲಿ? ಆದರೆ ಆ ಹುಡುಗನನ್ನು ಅವನು ಹೋಗದ ಜಾಗಕ್ಕೆ ನಾನು ನನ್ನ ಕೈಯಾರೆ ತಳ್ಳುವುದು ಹೇಗೆ? ಗಂಡ ಮಾಡಿದ್ದು ಗೊತ್ತಿಲ್ಲದೆ. ನಾನು ಮಾಡಿದರೆ ಗೊತ್ತಿದ್ದೂ. ಚುಕ್ಕೆ ಇದ್ದಲ್ಲೇ ಇರಲಿ, ಬಾಯಮ್ಮನಿಗೆ ನಾನೇ ಹೋಗಿ ಹೇಳುತ್ತೇನೆ ಅಂತ ಕ್ಯುರೇಟರಿಗೆ ತಿಳಿಸಿದೆ. ಮ್ಯೂಸಿಯಮ್ಮಿನ ಈಮೇಲಿನಲ್ಲಿ ಅವರಿಗೆ ಅದು ಹೋಗುವುದು ನನಗೆ ಬೇಡವಾಗಿತ್ತು.

ಸಟನ್ನಿನ ಅವರ ಮನೆಗೆ ಅದೇ ಮೊದಲ ಸಲ ಹೋದದ್ದು. ಸ್ಟೇಷನ್ನಿನಿಂದ ನಡೆದು ಹೋಗುವಾಗ ಯೂನಿಫಾರ್ಮ್ ಹಾಕಿದ ಶಾಲೆ ಮಕ್ಕಳು ಗುಂಪುಗುಂಪಾಗಿ ಎದುರು ಬರುತ್ತಿದ್ದರು. ಬಾಗಿಲು ತೆಗೆದಾಗಲೇ ಬಂಗುಡೆ ಮೀನಿನ ಗಸಿಯ ಪರಿಮಳ. ನಾನು ಬರುತ್ತೇನೆ ಅಂದದ್ದಕ್ಕೆ ಬೆಳಿಗ್ಗೆಯಿಂದ ಅಡಿಗೆ ಮಾಡಿದ್ದರು. ಹಾಲಿನ ಗೋಡೆಯಲ್ಲಿ ನಕ್ಷೆ ಇದ್ದ ಜಾಗ ಖಾಲಿ, ಪಕ್ಕದಲ್ಲಿ ಹುಡುಗನ ಫೋಟೋ. ಕಿವಿ ಸ್ವಲ್ಪ ದೊಡ್ಡದು, ಟೊಪ್ಪಿ ಅಳತೆಗೆ ಹೊಂದಿರಲಿಲ್ಲ.

ಊಟಕ್ಕೆ ಮೊದಲೇ ಹೇಳಿದೆ. ಊಟ ಮಾಡಿ ಆಮೇಲೆ ಹೇಳುವುದು ಮೋಸ ಅನಿಸಿತು. ಎರಡು ಹಾಳೆ, ಎರಡು ಬಣ್ಣ, ಕತ್ತರಿಸಿದ ಅಂಚು, ಎಲ್ಲವನ್ನೂ ಕಾಗದದಲ್ಲಿ ಬಿಡಿಸಿ ತೋರಿಸಿದೆ. ಗಾಯವಾಗಿ ಹಿಂದಕ್ಕೆ ತಂದಾಗ ಅಲ್ಲಿ ಸತ್ತಿರಲೂಬಹುದು ಬಾಯಮ್ಮ, ನಕ್ಷೆ ಅಷ್ಟೆಲ್ಲ ಹೇಳುವುದಿಲ್ಲ, ಅಂದೆ.

"ಸಮಾಧಾನ ಹೇಳಬೇಡ," ಅಂದರು. "ನಾನು ನರ್ಸ್ ಆಗಿದ್ದವಳು. ನಾನೂ ಎಷ್ಟೋ ಮನೆಯವರಿಗೆ ಹೀಗೇ ಹೇಳಿದ್ದೇನೆ."

ಆಮೇಲೆ ಕಾಗದವನ್ನು ಮಡಚಿ ಮಡಚಿ ಸಣ್ಣ ಮಾಡಿದರು. ಸಿಟ್ಟು ಬಂದದ್ದು ಆಗ. "ಅಲ್ಲ, ಅವರೆಲ್ಲ ಇದ್ದಾಗ ಯಾರಿಗೂ ಗೊತ್ತಾಗಲಿಲ್ಲ. ಮಾವ ಹೋದರು, ಅತ್ತೆ ಹೋದರು, ನಮ್ಮವರೂ ಹೋದರು. ಎಲ್ಲರೂ ನೆಮ್ಮದಿಯಲ್ಲಿ ಹೋದರು. ಇಡೀ ಮನೆಯಲ್ಲಿ ಉಳಿದ ನನಗೊಬ್ಬಳಿಗೆ ಬಂದು ಇದನ್ನು ಹೇಳ್ತಿ. ನಿನಗೆ ನಾನೇ ಸಿಕ್ಕಿದ್ದಾ?"

ಚೀಲ ಹೆಗಲಿಗೆ ಹಾಕಿ ಎದ್ದೆ.

"ಕುತ್ಕೋ. ಊಟ ಮಾಡಿ ಹೋಗು," ಅಂದರು. "ಮತ್ತೆ ಬರಬೇಡ."

ಬಡಿಸಿದರು. ಕೇಳದೆಯೇ ಎರಡನೇ ಸಲ ಅನ್ನ ಹಾಕಿದರು. ಇಷ್ಟು ಒಳ್ಳೆಯ ಗಸಿ ನಾನು ಊರು ಬಿಟ್ಟ ಮೇಲೆ ತಿಂದದ್ದಿಲ್ಲ, ಅದನ್ನು ಹೇಳಲಿಕ್ಕೂ ಆಗಲಿಲ್ಲ. ರೈಲಿನಲ್ಲಿ ಕೂತ ಮೇಲೆ ಅಳು ಬಂತು. ಈ ಊರಿನಲ್ಲಿ ಒಂದು ಒಳ್ಳೆಯದುಂಟು, ರೈಲಿನಲ್ಲಿ ಅತ್ತರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಆವತ್ತು ಯಾರಾದರೂ ಕೇಳಬೇಕಿತ್ತು ಅನಿಸಿತು.

ಮುಂದಿನ ಗುರುವಾರ ಅವರು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಫೋನು ಮಾಡಿದರೆ ರಿಂಗ್ ಆಗಿ ಆಗಿ ನಿಲ್ಲುತ್ತಿತ್ತು. ಬಾಗಿಲಲ್ಲಿ ಯಾರಾದರೂ ನಡೆದ ಸದ್ದಾದರೆ ನಾನು ತಲೆ ಎತ್ತುತ್ತಿದ್ದೆ. ಉದ್ಘಾಟನೆಯ ಮಧ್ಯಾಹ್ನ ಮೇಯರ್ ಬಂದರು, ಕೌನ್ಸಿಲಿನವರು ಬಂದರು, ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಉಳಿಯಿತು. ಪರದೆ ಜಿಗಿಯುತ್ತಾ ಹೋಯಿತು, ಹುಡುಗರು ಅದರ ಹಿಂದೆ ಹೋದರು, ಜನ ಚಪ್ಪಾಳೆ ತಟ್ಟಿದರು. ಆ ಒಂದು ಚುಕ್ಕೆ ಹಿಂದೆ ಉಳಿಯಿತು. ಅದರ ಬಗ್ಗೆ ಕ್ಯುರೇಟರ್ ಏನೂ ಹೇಳಲಿಲ್ಲ. ಬೆಂಗಳೂರಿನವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ ಅಂದಿದ್ದ, ಮಗಳಿಗೆ ಏನೋ ಕ್ಲಾಸು ಅಂತ ಅವನೂ ಬರಲಿಲ್ಲ. ನಾನು ಮಾಡಿದ ಕೆಲಸವನ್ನು ನಾನು ಗೋಡೆಗೆ ಒರಗಿ ನಿಂತು ನೋಡಿದೆ.

ಆಮೇಲೂ ಸಣ್ಣಪುಟ್ಟ ರಿಪೇರಿಗೆ ಸ್ವಲ್ಪ ದಿನ ಹೋಗಲಿಕ್ಕಿತ್ತು. ಒಂದು ಮಂಗಳವಾರ ಮಧ್ಯಾಹ್ನ, ಮ್ಯೂಸಿಯಮ್ಮಿನಲ್ಲಿ ನರಪಿಳ್ಳೆ ಇಲ್ಲದಾಗ, ಬಾಯಮ್ಮ ಬಂದರು. ಹಳೇ ಕೋಟೇ. ನನ್ನನ್ನು ನೋಡಿದರು, ಮಾತಾಡಿಸಲಿಲ್ಲ. ಮೇಜಿನ ಹತ್ತಿರ ಹೋಗಿ, "ಓಡಿಸು" ಅಂದರು.

ಓಡಿಸಿದೆ. ಮಂಜು ಕವಿಯಿತು, ಪರದೆ ಎದ್ದಿತು, ಗೆರೆಗಳು ಮುಂದೆ ಮುಂದೆ ಹೋದವು. ಬಾಯಮ್ಮ ಅದನ್ನೆಲ್ಲ ನೋಡಲಿಲ್ಲ. ಚುಕ್ಕೆಯನ್ನೇ ನೋಡುತ್ತಾ ನಿಂತರು. ಮುಗಿದ ಮೇಲೆ, "ಇನ್ನೊಂದು ಸಲ," ಅಂದರು. ಮತ್ತೆ ಓಡಿಸಿದೆ.

"ಮೊದಲು ಹಾರಿದವ ಅಂದರೆ ಒಬ್ಬನೇ ಹಾರಿದವ ಅಂತ ಅಲ್ವಾ," ಅಂದರು. ಸ್ವರ ಮೆಲ್ಲಗಿತ್ತು. "ಐವತ್ತು ವರ್ಷದ ಮೇಲಾಯಿತು ನಾನು ಆ ಕಥೆ ಹೇಳ್ಲಿಕ್ಕೆ ಶುರು ಮಾಡಿ. ನಮ್ಮವರು ಹೋದ ಮೇಲೆ, ಮನೆಯಲ್ಲಿ ಒಬ್ಬಳೇ ಕೂತಾಗ, ಒಂದೊಂದು ದಿವಸ ಆ ಹುಡುಗನ ನೆನಪಾಗ್ತಿತ್ತು. ಅಪರಿಚಿತ ಜಾಗ, ಸುತ್ತ ಬೇರೆ ಜನ, ಬೇರೆ ಭಾಷೆ, ಬಿದ್ದರೆ ನೀರು ಕೊಡ್ಲಿಕ್ಕೆ ಒಂದು ಪರಿಚಯದ ಮುಖ ಇಲ್ಲ. ಹೆಮ್ಮೆ ಅಂತ ನಾವೇ ಅವನನ್ನು ಅಲ್ಲಿ ಒಬ್ಬನನ್ನೇ ನಿಲ್ಲಿಸಿದ್ದೆವಲ್ಲ."

ಮೇಜಿನ ಮೇಲೆ ಬಗ್ಗಿ ಚುಕ್ಕೆಯ ಕಡೆಗೆ ಬೆರಳು ತೋರಿಸಿದರು.

"ಈ ಗೆರೆಯ ಹತ್ತಿರ ಅವನ ಪಕ್ಕ ಯಾರಿದ್ದರು? ನಿಜ ಹೇಳು, ಸಮಾಧಾನಕ್ಕೆ ಬೇಡ."

"ಇದ್ದರು ಬಾಯಮ್ಮ. ಎಲ್ಲರೂ ಅವನದೇ ಊರಿನ ಹುಡುಗರು, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಮಲಗಿದ್ದರು. ಅದೇ ಚೌಕದಲ್ಲಿ ಅವನ ಜೊತೆ ಸಿಕ್ಕವರ ಹೆಸರುಗಳೂ ಉಂಟು."

"ಮತ್ತೆ ಅವರ ಬೆಳಕು ಎಲ್ಲಿ?"

"ಮನೆಯವರು ಬಂದು ಕೇಳಿದವರಿಗೆ ಮಾತ್ರ ಹಾಕುವುದು ಅಂತ ಇಲ್ಲಿಯ ಕ್ರಮ. ಅವರದ್ದು ಯಾರೂ ಕೇಳಿ ಬಂದಿಲ್ಲ."

ಬಾಯಮ್ಮ ಕುರ್ಚಿ ಎಳೆದು ನನ್ನ ಲ್ಯಾಪ್‌ಟಾಪಿನ ಪಕ್ಕಕ್ಕೆ ಹಾಕಿಕೊಂಡು ಕೂತರು. ಕೋಟಿನ ಗುಂಡಿ ಬಿಚ್ಚಿದರು.

"ನಾನು ಕೇಳ್ತಾ ಇದ್ದೇನಲ್ಲ," ಅಂದರು. "ಹಾಕು."

ಕ್ಯುರೇಟರನ್ನು ಕೇಳಬೇಕಿತ್ತು, ಕೇಳಲಿಲ್ಲ. ಹೆಸರು ಓದಿ, ಚೌಕ ನೋಡಿ, ಒಂದೊಂದೇ ಹಾಕುತ್ತಾ ಹೋದೆ. ಪ್ರತಿ ಹೆಸರಿಗೂ ಅವರು ಮೇಜಿನ ಕಡೆ ಬಗ್ಗಿ, ಬೆಳಕು ಹತ್ತಿದ್ದು ನೋಡಿ, "ಹ್ಞೂಂ, ಮುಂದಿನವ ಯಾರು?" ಅನ್ನುತ್ತಿದ್ದರು.